ರಾಶಿಯಾದಾಗಲೇ ಜೋಳ ಕೊಂಡಿಡಬಹುದೇ?

ಪ್ರಶ್ನೆ: ಅಂಗಡಿಯ ಪ್ಯಾಕೆಟ್ ಜೋಳದ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಬಿರಿಯುತ್ತದೆ. ಯಲಬುರ್ಗಾ ಕಡೆಯ ರೈತರ ಹತ್ತಿರವೇ ಜೋಳ ಕೊಂಡರೆ ಲಾಭವೇ? ನುಸಿ ಹತ್ತದಂತೆ ಇಡುವುದು ಹೇಗೆ? ಮನೆಯಲ್ಲಿ ನಾಲ್ಕು ಮಂದಿ ಇದ್ದೇವೆ.
– ಓದುಗರೊಬ್ಬರು, ಕೊಪ್ಪಳ

ಉತ್ತರ: ಖಂಡಿತ ಕೊಳ್ಳಿ. ಜೋಳದಲ್ಲಿ ಗೋಧಿಯ ಹಾಗೆ ಅಂಟಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಬರುವ ಜಿಗಿಯೇ ರೊಟ್ಟಿಯನ್ನು ಹಿಡಿಯುವುದು. ಬೀಸಿ ತಿಂಗಳುಗಟ್ಟಲೆ ಇಟ್ಟ ಹಿಟ್ಟಿನಲ್ಲಿ ಆ ಜಿಗಿ ಕಡಿಮೆ, ಎಣ್ಣೆಯಂಶ ಕೆಟ್ಟು ಕಹಿಯೂ ಬರುತ್ತದೆ. ಕಾಳು ಮನೆಯಲ್ಲಿದ್ದರೆ ಹತ್ತು ದಿನಕ್ಕೆ ಬೇಕಾದಷ್ಟನ್ನೇ ಗಿರಣಿಗೆ ಒಯ್ಯಬಹುದು.

ಎರೆ ಹೊಲದ ಹಿಂಗಾರಿ ಜೋಳ ಫೆಬ್ರುವರಿ–ಮಾರ್ಚ್‌ನಲ್ಲಿ ರಾಶಿಯಾಗುತ್ತದೆ. ಕೊಳ್ಳಲು ಅದೇ ಹೊತ್ತು. ಮಾಲದಂಡಿ ಎಂಬ ಜೋಳದ ತಳಿಯ ಕಾಳು ದುಂಡಗೆ, ಮುತ್ತಿನಂತೆ ಹೊಳೆಯುತ್ತದೆ. ನಮ್ಮ ಕಡೆಯದು ಅಂದಮಾತ್ರಕ್ಕೆ ಎಲ್ಲವೂ ಚಲೋ ಅಲ್ಲ: ತೆನೆಯಲ್ಲಿದ್ದಾಗ ಮಳೆಗೆ ಸಿಕ್ಕು ಬೂಷ್ಟು ಹತ್ತಿದ, ಕಪ್ಪು ತಿರುಗಿದ ಕಾಳು ಬೇಡವೇ ಬೇಡ. ಒಂದು ಕಾಳು ಕಡಿದು ನೋಡಿ. ಕಟಕ್ಕನೆ ಮುರಿಯಬೇಕು, ಮೆತ್ತಗೆ ಚಪ್ಪಟೆಯಾದರೆ ಇನ್ನೂ ಹಸಿ ಇದೆ.

ದಿನಕ್ಕೆ 10 ರೊಟ್ಟಿ, ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿದರೆ ತಿಂಗಳಿಗೆ 18 ಕಿಲೊ. ಒಂದು ಕ್ವಿಂಟಲ್ ಐದೂವರೆ ತಿಂಗಳು ಬರುತ್ತದೆ. ಮೊದಲ ಸಲ ಅಷ್ಟೇ ಸಾಕು. ಅವತ್ತಿನ ಎಪಿಎಂಸಿ ಧಾರಣೆ ವಿಚಾರಿಸಿ, ಅದರ ಮೇಲೆ ತುಸು ಹೆಚ್ಚೇ ಕೊಡಿ. ರೈತರಿಗೆ ಬಾಡಿಗೆ, ಹಮಾಲಿ ಉಳಿಯುತ್ತದೆ. ನಿಮಗೂ ಸಾಮಾನ್ಯವಾಗಿ ಅಂಗಡಿಗಿಂತ ಅಗ್ಗವೇ ಬೀಳುತ್ತದೆ. ಕೈಯಲ್ಲಿ ಗಿರಾಕಿ ಇದ್ದರೆ ತಾನೇ ಅವರು ಮುಂದಿನ ವರ್ಷವೂ ಜೋಳ ಬಿತ್ತುವುದು? ಜೋಳ ಬಿಟ್ಟರೆ ದನಗಳಿಗೆ ಕಣಿಕೆಯೂ ಇಲ್ಲ.

ತಂದ ಕಾಳನ್ನು ಹಸನು ಮಾಡಿ, ಒಡಕು ನುಚ್ಚು ತೆಗೆಯಿರಿ. ಹಿಟ್ಟಿನ ಹುಳ ಮೊದಲು ಹತ್ತುವುದು ಅದಕ್ಕೇ. ತಾಡಪತ್ರಿಯ ಮೇಲೆ ತೆಳ್ಳಗೆ ಹರವಿ ಎರಡು–ಮೂರು ದಿನ ಬಿಸಿಲಿಗೆ ಹಾಕಿ. ಬಹಳ ಮಂದಿ ತಪ್ಪುವುದು ಇಲ್ಲಿ: ಬಿಸಿ ಕಾಳನ್ನೇ ಡ್ರಮ್ಮಿಗೆ ಸುರಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ಒಂದು ರಾತ್ರಿ ಆರಲು ಬಿಟ್ಟು, ಕಂಠಮಟ್ಟ ತುಂಬಿ, ಗಾಳಿಯಾಡದಂತೆ ಮುಚ್ಚಿ. ಬೇವಿನ ಎಲೆ ಹಾಕುವುದಾದರೆ ನೆರಳಲ್ಲಿ ಗರಿಗರಿಯಾಗಿ ಒಣಗಿಸಿಯೇ ಹಾಕಿ, ಹಸಿ ಎಲೆಯಿಂದ ತೇವ ಏರುತ್ತದೆ. ದಿನಬಳಕೆಗೆ ಬೇರೆ ಸಣ್ಣ ಡಬ್ಬಿ ಇರಲಿ, ದೊಡ್ಡದನ್ನು ಪದೇ ಪದೇ ತೆರೆಯಬೇಡಿ. ಕಾಳಿಗೆ ಇಡುವ ವಿಷದ ಗುಳಿಗೆಯನ್ನು ಮಾತ್ರ ಮನೆಯೊಳಗೆ ತರಲೇಬೇಡಿ. ಅದರ ಅನಿಲ ಪ್ರಾಣ ತೆಗೆಯುತ್ತದೆ.

ಪ್ರಶ್ನೆ: ಗಂಗಾವತಿಯ ಮಿಲ್ಲಿನಿಂದ ತಂದ ಸೋನಾ ಮಸೂರಿ ಮುದ್ದೆಯಾಗುತ್ತದೆ. ಅಕ್ಕಿ ಕೆಟ್ಟದ್ದೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಕೆಟ್ಟದ್ದಲ್ಲ, ಹೊಸದು. ಲೋಟಕ್ಕೆ ಎರಡೂವರೆ ಲೋಟ ನೀರು ಹಾಕುತ್ತಿದ್ದರೆ ಎರಡಕ್ಕೆ ಇಳಿಸಿ. ಉದುರು ಅನ್ನವೇ ಬೇಕಿದ್ದರೆ ಆರು ತಿಂಗಳಾದರೂ ಹಳತಾದ ಅಕ್ಕಿ ಕೇಳಿ ತನ್ನಿ.