ಆಪ್ತಸಲಹೆ ಪ್ರಕರಣ: ‘ಹ್ಞೂಂ, ಗೊತ್ತು’ ಎನ್ನುತ್ತಿದ್ದ ಹೊಸಬ

ತಿಪ್ಪೇಶ್ (ಹೆಸರು ಬದಲಿಸಿದೆ), 26 ವರ್ಷ. ಚಿತ್ರದುರ್ಗ ಜಿಲ್ಲೆಯ ಹಳ್ಳಿಯವರು, ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಸಾಗರ ಮತ್ತು ಧ್ರುವ ಸಂಶೋಧನೆಯ ಸಂಸ್ಥೆಯೊಂದರಲ್ಲಿ ಪ್ರಾಜೆಕ್ಟ್ ಹುದ್ದೆಗೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ದೀಪಾವಳಿಗೆ ಊರಿಗೆ ಬಂದವರು, ದುರ್ಗದಲ್ಲಾದರೆ ಯಾರಾದರೂ ನೋಡಿಯಾರೆಂದು ದಾವಣಗೆರೆಯ ನಮ್ಮ ಆಪ್ತಸಲಹಾ ಕೇಂದ್ರಕ್ಕೆ ಬರಲು ಬಸ್ಸು ಹತ್ತಿದ್ದರು. ಸಂಸ್ಥೆಯ ಹೆಸರು ಬಿಟ್ಟಿದ್ದೇವೆ. ಇಂಥ ಕೆಲಸದ ಸಂಸ್ಥೆಗಳು ದೇಶದಲ್ಲಿ ಬೆರಳೆಣಿಕೆ, ನಮ್ಮ ಕಡೆಯಿಂದ ಅಲ್ಲಿಗೆ ಹೋದವರು ಇನ್ನೂ ಕಡಿಮೆ. ಗುರುತು ಸಿಗಬಾರದೆಂದು ಬೇರೆ ಕೆಲವು ವಿವರಗಳನ್ನೂ ಬದಲಿಸಿದೆ.

ತೊಂದರೆ ಕೇಳಲು ಚಿಕ್ಕದು. ಹೊಸಬರು ಮೊದಲ ವಾರದ ಸಭೆಯಲ್ಲಿ ಮೂರು ನಿಮಿಷ ತಮ್ಮ ಪರಿಚಯ ಹೇಳಬೇಕು. ಆಮೇಲೆ ಒಳಸುದ್ದಿಪತ್ರಕ್ಕೆ ಫೋಟೊ ಸಮೇತ 150 ಪದ ಬರೆದುಕೊಡಬೇಕು, ಪ್ರಯೋಗಾಲಯಗಳನ್ನು ಸುತ್ತಿ ಅಲ್ಲಲ್ಲಿನ ಮುಖ್ಯಸ್ಥರನ್ನು ಕಾಣಬೇಕು. ಸಭೆಯಲ್ಲಿ ತಿಪ್ಪೇಶ್ ಹೆಸರು, ಊರು ಹೇಳಿ ಕೂತುಬಿಟ್ಟರು. ಬಾಯಿ ಒಣಗಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಹಿರಿಯರೊಬ್ಬರು ಮೆಲುದನಿಯಲ್ಲಿ ‘ಹಡಗಿನಲ್ಲಿ ಕೆಲಸ ಮಾಡಿದ್ದೀರಾ?’ ಎಂದು ಕೇಳಿದಾಗ ಹೌದೆಂದು ತಲೆಯಾಡಿಸಿದರು. ಹಡಗು ಹತ್ತುವುದಿರಲಿ, ಸಮುದ್ರವನ್ನು ಅವರು ಕಂಡದ್ದೇ ಶಾಲಾ ಪ್ರವಾಸದಲ್ಲಿ, ಮುರುಡೇಶ್ವರದಲ್ಲಿ. ಅಂದಿನಿಂದ ಯಾರು ಏನು ಕೇಳಿದರೂ ‘ಹ್ಞೂಂ, ಗೊತ್ತು’. ಸುದ್ದಿಪತ್ರದ ಬರಹ ಕೊಟ್ಟಿರಲಿಲ್ಲ. ನೆನಪಿನ ಮೇಲ್‌ಗಳು ತೆರೆಯದೆ ಬಿದ್ದಿದ್ದವು.

ಮೊದಲ ಭೇಟಿ ಪರೀಕ್ಷೆಗೇ ಮೀಸಲಾಯಿತು. ಆತಂಕ ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ 9 ಅಂಕ ಬಂತು. ಇದರಲ್ಲಿ 5ರಿಂದ 9 ಲಘು, 10ರಿಂದ 14 ಮಧ್ಯಮ, 15ರಿಂದ ಮೇಲೆ ತೀವ್ರ. ಖಿನ್ನತೆಯ ಪಿಎಚ್‌ಕ್ಯೂ-9 ಅಂಕ ಕಡಿಮೆ ಇತ್ತು. ನಿದ್ದೆ ಕೆಡುತ್ತಿದ್ದದ್ದು ಸಭೆಯ ಹಿಂದಿನ ರಾತ್ರಿ ಮಾತ್ರ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆವು. ಈ ಪ್ರಶ್ನೆಯನ್ನು ಸುತ್ತಿಬಳಸಿ ಕೇಳಿದರೆ ಉತ್ತರವೂ ಸುತ್ತಿಬಳಸಿಯೇ ಬರುತ್ತದೆ. ‘ಇಲ್ಲ’ ಎಂದರು. ಔಷಧಿಯ ಅಗತ್ಯ ಕಾಣಲಿಲ್ಲ.

‘ನಾಚಿಕೆ ಸ್ವಭಾವ’ ಎಂದು ಇಂಥವರನ್ನು ಕಳಿಸಿಬಿಡುವುದು ಸುಲಭ. ಆದರೆ ತಿಪ್ಪೇಶ್‌ಗೆ ಮಾತು ಬರುತ್ತದೆ. ಕಲ್ಲಿನ ವಿಷಯ ಎತ್ತಿದರೆ ಅರ್ಧ ಗಂಟೆ ನಿಲ್ಲಿಸುವುದಿಲ್ಲ. ಬಾಯಿ ಕಟ್ಟುವುದು ತಾನು ಯಾರೆಂದು ಹೇಳಬೇಕಾದಾಗ. ಅದಕ್ಕೆ ಕಾರಣ ಊರಿನಲ್ಲಿತ್ತು. ಅಪ್ಪ ಮಗನನ್ನು ನೆಂಟರಿಗೆ ಪರಿಚಯಿಸುತ್ತಿದ್ದದ್ದು ‘ಸೈಂಟಿಸ್ಟು, ಸೆಂಟ್ರಲ್ ಗೌರ್ಮೆಂಟು, ಬರೋ ತಿಂಗಳು ಅಂಟಾರ್ಕ್ಟಿಕಾಕ್ಕೆ ಹೋಗ್ತಾನೆ’ ಎಂದು. ಹುದ್ದೆ ಗುತ್ತಿಗೆಯದು, ಅಂಟಾರ್ಕ್ಟಿಕಾದ ಮಾತೇ ಎದ್ದಿಲ್ಲ. ಊರಲ್ಲಿ ಇಲ್ಲದ್ದನ್ನು ಒಪ್ಪಿಕೊಂಡು ರೂಢಿಯಾದವರು ಅಲ್ಲಿಯೂ ಒಪ್ಪಿಕೊಂಡರು.

ಬೇರೆ ಕಚೇರಿಯಾದರೆ ಇಂಥ ಸುಳ್ಳು ಹೇಗೋ ಸವೆದುಹೋಗುತ್ತದೆ. ಹಡಗಿನ ಡೆಕ್ಕಿನ ಮೇಲೆ ಹಾಗಾಗದು. ಎರಡನೆಯ ಭೇಟಿಯಲ್ಲಿ ಅದಕ್ಕೇ ಒಂದು ಕೆಲಸ ಕೊಟ್ಟೆವು: ಈವರೆಗೆ ‘ಗೊತ್ತು’ ಎಂದು ತಲೆಯಾಡಿಸಿದ ಪದಗಳನ್ನೆಲ್ಲ ಹಾಳೆಯ ಎಡಕ್ಕೆ ಬರೆಯುವುದು, ಪ್ರತಿಯೊಂದು ಗೊತ್ತಿಲ್ಲದಿದ್ದರೆ ಏನು ಕೆಡುತ್ತದೆ ಎಂಬುದನ್ನು ಬಲಕ್ಕೆ. ಬಲಭಾಗಕ್ಕಾಗಿ ಅವರು ಸಂಸ್ಥೆಯ ತಂತ್ರಜ್ಞರೊಬ್ಬರಿಗೆ ಫೋನ್ ಮಾಡಿದರು. ಮೊದಲ ಸಲ ‘ನನಗಿದು ಗೊತ್ತಿಲ್ಲ’ ಎಂದದ್ದು ಆ ಕರೆಯಲ್ಲಿ.

ಹಾಳೆಯ ಮೊದಲ ಸಾಲು ಸಿಟಿಡಿ. ನೀರಿನ ವಿದ್ಯುತ್ ವಾಹಕತೆ, ಉಷ್ಣತೆ, ಆಳ ಅಳೆಯುವ ಉಪಕರಣ ಅದು. ಸುತ್ತಲಿನ ಚೌಕಟ್ಟಿನಲ್ಲಿ ಸಾಮಾನ್ಯವಾಗಿ 12 ಅಥವಾ 24 ನಿಸ್ಕಿನ್ ಬಾಟಲಿಗಳು, ಅಂದರೆ ನೀರಿನ ಮಾದರಿ ಹಿಡಿಯುವ ಕೊಳವೆಗಳು. ಎರಡೂ ಮುಚ್ಚಳ ತೆರೆದೇ ಕೆಳಗಿಳಿಯುತ್ತವೆ, ಬೇಕಾದ ಆಳದಲ್ಲಿ ಮೇಲಿನಿಂದ ಸಂಜ್ಞೆ ಕೊಟ್ಟಾಗ ಮುಚ್ಚಿಕೊಳ್ಳುತ್ತವೆ. ಇಳಿಸುವ ಮೊದಲು ಬಾಟಲಿಯ ಮೇಲಿನ ಗಾಳಿತಿರುಪನ್ನೂ ಕೆಳಗಿನ ನಲ್ಲಿಯನ್ನೂ ಬಿಗಿದಿರಬೇಕು. ತಿರುಪು ಸಡಿಲವಿದ್ದರೆ ಮೇಲೆ ಬರುವಾಗ ಒಳಗಿನ ನೀರು ಸೋರಿ ಮೇಲ್ಪದರದ ನೀರು ಬೆರೆಯುತ್ತದೆ. ಡೆಕ್ಕಿಗೆ ಬಂದಮೇಲೆ ತಿರುಪು ತೆರೆಯದೆ ನಲ್ಲಿ ಎಳೆದು ನೋಡುತ್ತಾರೆ, ನೀರು ಹರಿಯಬಾರದು. ಹರಿದರೆ ಆ ಬಾಟಲಿ ಅನುಮಾನದ್ದು. ಕರಗಿದ ಆಮ್ಲಜನಕದ ಮಾದರಿಯನ್ನು ಮೊದಲು ತೆಗೆಯಬೇಕು, ಉಪ್ಪಿನಂಶದ್ದನ್ನು ಆಮೇಲೆ ತೆಗೆದರೂ ನಡೆಯುತ್ತದೆ. ‘ತಿರುಪು ಬಿಗಿದಿದೆಯಾ?’ ಎಂದು ಕೇಳಿದಾಗ ಯಾವ ತಿರುಪೆಂದು ತಿಳಿಯದೆ ‘ಹ್ಞೂಂ’ ಎಂದರೆ ಆ ತಾಣದ ನೀರು ಹೋಯಿತು. ಹಡಗು ಅದೇ ಜಾಗಕ್ಕೆ ಇನ್ನೊಮ್ಮೆ ಬರುವುದಿಲ್ಲ.

ಎರಡನೆಯ ಸಾಲು ಸೆಡಿಮೆಂಟ್ ಕೋರ್, ಅಂದರೆ ಕೊಳವೆಯಲ್ಲಿ ತೆಗೆದ ಸಮುದ್ರತಳದ ಕೆಸರು. ಅದನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಸಂಗ್ರಹಕ್ಕೆ ಇಟ್ಟು, ಉಳಿದರ್ಧವನ್ನು ಕೆಲಸಕ್ಕೆ ಬಳಸುತ್ತಾರೆ. ತುಂಡುತುಂಡಿಗೂ ‘ಮೇಲೆ’ ಎಂಬ ಬಾಣದ ಗುರುತು ಬೇಕೇಬೇಕು. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು, ತುಂಡು ತಿರುಗಿದರೆ ಕಾಲವೇ ತಲೆಕೆಳಗು. ಹಿಮದ ಕೋರ್‌ಗೂ ಇದೇ ಮಾತು, ಜೊತೆಗೆ ಬರಿಗೈ ತಾಕಿಸುವಂತಿಲ್ಲ.

ಈ ಸಾಲು ಓದುವಾಗ ಅವರ ದನಿ ಬದಲಾಯಿತು. ಎಂ.ಎಸ್ಸಿ. ಯೋಜನೆಗೆ ಅವರು ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬು ಲಾವಾ ಅಧ್ಯಯನ ಮಾಡಿದ್ದರು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ಹೊರಮೈ ತಣಿದು ದಿಂಬುಗಳಂತೆ ಒಂದರ ಮೇಲೊಂದು ಕೂತಿದೆ. ದಿಂಬಿನ ಮೇಲ್ಮೈ ಉಬ್ಬಿರುತ್ತದೆ, ಅಡಿಯ ಬಾಲ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದಿರುತ್ತದೆ. ಬಂಡೆ ಮಡಿಚಿ ಓರೆಯಾಗಿದ್ದರೂ ಅಂದು ಯಾವ ಮಗ್ಗುಲು ಮೇಲಿತ್ತೆಂದು ಇದರಿಂದ ಹೇಳಬಹುದು. ಕೋರ್ ಪ್ರಯೋಗಾಲಯ ಕೇಳುವುದೂ ಅದನ್ನೇ: ಯಾವುದು ಮೇಲೆ, ಯಾವುದು ಕೆಳಗೆ? ಹಾಗಿದ್ದೂ ಸಭೆಯಲ್ಲಿ ಮರಡಿಹಳ್ಳಿಯ ಹೆಸರೇಕೆ ಎತ್ತಲಿಲ್ಲ ಎಂದು ಕೇಳಿದೆವು. ‘ಅದು ಬರೀ ನಮ್ಮೂರ ಕಲ್ಲಲ್ವಾ ಸಾರ್’ ಎಂದರು.

ಪರಿಚಯದ ಬರಹವನ್ನು ಅಲ್ಲೇ ಕೂತು ಬರೆಸಿದೆವು. ಕಟ್ಟು ಹೀಗಿತ್ತು: ಕೈಯಾರೆ ಮಾಡಿದ ಕೆಲಸ ಒಂದು, ಇಲ್ಲಿ ಮಾಡಲಿರುವ ಕೆಲಸ ಒಂದು, ಇನ್ನೂ ಬಾರದ ಎರಡು ವಿಷಯ ಹೆಸರಿಟ್ಟು, ಬೇರೆಯವರಿಗೆ ಆಗಬಹುದಾದ ಸಹಾಯ ಒಂದು. ರ‍್ಯಾಂಕು, ಗುರುಗಳ ಪ್ರಶಂಸೆ, ‘ಹಳ್ಳಿಯವನು, ತಪ್ಪಿದ್ದರೆ ಕ್ಷಮಿಸಿ’ ಎಂಬ ವಿನಯ, ಮೂರನ್ನೂ ಹೊಡೆದುಹಾಕಿಸಿದೆವು. ವಿನಯದ ಸಾಲು ಬಿಡಲು ಅವರಿಗೆ ಬಹಳ ಕಷ್ಟವಾಯಿತು. ಅದನ್ನು ಬಿಟ್ಟರೆ ಸೊಕ್ಕು ಅಂದುಕೊಳ್ಳುತ್ತಾರೆಂಬ ಭಯ. ಕೊನೆಗೆ ಉಳಿದದ್ದರ ತಿರುಳು ಇಷ್ಟು: ‘ಕೋರ್ ಪ್ರಯೋಗಾಲಯಕ್ಕೆ ಹೊಸಬ. ಮರಡಿಹಳ್ಳಿಯ ದಿಂಬು ಲಾವಾದ ನಕ್ಷೆ ಮಾಡಿದ್ದೇನೆ, ಪದರದ ಮೇಲ್ಮುಖ ಗುರುತಿಸಬಲ್ಲೆ. ಹಡಗಿನಲ್ಲಿ ಕೆಲಸ ಮಾಡಿಲ್ಲ, ಫೊರಾಮಿನಿಫೆರಾ (ಕೆಸರಿನಲ್ಲಿ ಸಿಗುವ ಸೂಕ್ಷ್ಮಜೀವಿಗಳ ಚಿಪ್ಪು) ಆರಿಸಲು ಇನ್ನೂ ಬರುವುದಿಲ್ಲ, ಎರಡನ್ನೂ ಕಲಿಯುತ್ತಿದ್ದೇನೆ. ಕಲ್ಲಿನ ತೆಳುಛೇದ (ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳ್ಳಗೆ ಕತ್ತರಿಸಿದ ತುಣುಕು) ಮಾಡಿಸಬೇಕಿದ್ದರೆ ಹೇಳಿ.’ ಇದನ್ನು ಬೆಳೆಸಿದರೆ ಇಂಗ್ಲಿಷಿನಲ್ಲಿ 150 ಪದ ಆಗುತ್ತದೆ. ನಿಧಾನವಾಗಿ ಹೇಳಿದರೂ ಒಂದೂಕಾಲು ನಿಮಿಷ. ಮೂರು ನಿಮಿಷ ಕೊಟ್ಟರೆಂದು ಮೂರೂ ತುಂಬಿಸಬೇಕಿಲ್ಲ.

ತಲೆಯಾಡಿಸಿದ್ದನ್ನು ಸರಿಪಡಿಸುವುದು ಹೇಗೆ? ಮೇಲ್ ಬೇಡ, ಎದುರಿಗೇ ಹೇಳಬೇಕು: ‘ಅವತ್ತು ಗಾಬರಿಯಲ್ಲಿ ಹೌದೆಂದೆ. ಹಡಗು ಹತ್ತಿಲ್ಲ. ಹತ್ತುವ ಮೊದಲು ಏನು ಕಲಿತಿರಬೇಕು?’ ಪ್ರಶ್ನೆಯಲ್ಲಿ ಮುಗಿಸಿದರೆ ಎದುರಿನವರಿಗೆ ಉತ್ತರಿಸುವ ಕೆಲಸ ಸಿಗುತ್ತದೆ, ಮಾತು ಕ್ಷಮೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಸಭೆಯಲ್ಲಿ ಮತ್ತೆ ನಿಲ್ಲುವುದಕ್ಕೆ ಮೆಟ್ಟಿಲು ಹಾಕಿದೆವು. ಮೊದಲು ಫೋನಿನಲ್ಲಿ ಮಾತಾಡಿದ ತಂತ್ರಜ್ಞರೊಬ್ಬರ ಮುಂದೆ, ಆಮೇಲೆ ಊಟದ ಮೇಜಿನ ಮೂವರ ಮುಂದೆ, ಆಮೇಲೆ ಪ್ರಯೋಗಾಲಯದ ಸಭೆ. ಒಂದು ಮೆಟ್ಟಿಲಲ್ಲಿ ಗಾಬರಿ ಅರ್ಧಕ್ಕೆ ಇಳಿಯದೆ ಮುಂದಿನದಕ್ಕೆ ಹೋಗಬಾರದು. ಹೋಗುವ ಮುಂಚೆ ಐದು ನಿಮಿಷ, ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡುವುದು. ಸ್ಲೈಡ್ ನೋಡಿ ಓದುವುದನ್ನು ಬಿಡಿಸಿದೆವು. ಓದಿದಾಗ ಗಾಬರಿ ಅಡಗಿರುತ್ತದೆ ಅಷ್ಟೇ, ಕಡಿಮೆಯಾಗುವುದಿಲ್ಲ.

ಮೂರನೆಯ ಭೇಟಿಗೆ, ತಿಪ್ಪೇಶ್ ಒಪ್ಪಿಗೆ ಪಡೆದು, ಅಪ್ಪನನ್ನೂ ಕರೆದೆವು. ಅವರ ಅವಸರಕ್ಕೆ ಕಾರಣ ಮದುವೆ. ಗುತ್ತಿಗೆ ಎಂದರೆ ಹೆಣ್ಣು ಕೊಡುವವರು ಹಿಂಜರಿಯುತ್ತಾರೆ, ‘ಅಂಟಾರ್ಕ್ಟಿಕಾ’ ಎಂದರೆ ಕುರ್ಚಿ ಎಳೆದು ಕೂರಿಸುತ್ತಾರೆ! ಹಾಗಾಗಿ ನಿಜದ ಲೆಕ್ಕ ಬಿಡಿಸಿಟ್ಟೆವು. ಭಾರತದ ಯಾನಗಳನ್ನು ನಡೆಸುವುದು ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಅಂಟಾರ್ಕ್ಟಿಕಾದಲ್ಲಿ ನಮ್ಮ ನೆಲೆಗಳು ಎರಡು: 1989ರ ಮೈತ್ರಿ, 2012ರ ಭಾರತಿ. ಆಯ್ಕೆಯಾದವರಿಗೆ ವೈದ್ಯಕೀಯ ಪರೀಕ್ಷೆ, ಉತ್ತರಾಖಂಡದ ಔಲಿಯಲ್ಲಿ ಹಿಮದ ತರಬೇತಿ ಮುಗಿಯಬೇಕು. ಬೇಸಿಗೆ ತಂಡ ಕೆಲವೇ ತಿಂಗಳಲ್ಲಿ ಹಿಂತಿರುಗುತ್ತದೆ, ಚಳಿಗಾಲಕ್ಕೆ ಉಳಿಯುವವರು ವರ್ಷಕ್ಕೂ ಹೆಚ್ಚು ಕಾಲ ಇರುತ್ತಾರೆ. ಹೊಸಬನನ್ನು ಮುಂದಿನ ತಿಂಗಳೇ ಕಳಿಸುವ ಪದ್ಧತಿ ಇಲ್ಲ. ಅಪ್ಪನಿಗೆ ಕೊಟ್ಟ ವಾಕ್ಯ: ‘ಮಗ ಸಮುದ್ರದ ಸಂಶೋಧನೆಯಲ್ಲಿ ಪ್ರಾಜೆಕ್ಟ್ ಕೆಲಸ ಮಾಡ್ತಾನೆ.’ ಬಾಯಲ್ಲಿ ಎರಡು ಸಲ ಹೇಳಿಸಿದೆವು. ಎರಡನೆಯ ಸಲವೂ ‘ಸೆಂಟ್ರಲ್’ ಸೇರಿಸಿದರು, ಅಷ್ಟಕ್ಕೆ ಬಿಟ್ಟೆವು.

ತಿಪ್ಪೇಶ್ ಕೊನೆಯಲ್ಲಿ ಕೇಳಿದ್ದು: ಮುಂದೆಂದಾದರೂ ಯಾನಕ್ಕೆ ಆಯ್ಕೆಯಾದರೆ, ಇಲ್ಲಿಗೆ ಬಂದದ್ದನ್ನು ವೈದ್ಯಕೀಯ ಅರ್ಜಿಯಲ್ಲಿ ಬರೆಯಬೇಕೇ? ಕೇಳಿದ್ದರೆ ಬರೆಯಬೇಕು, ಏನು ನಡೆಯಿತೋ ಅಷ್ಟನ್ನೇ. ಚಳಿಗಾಲದಲ್ಲಿ ಮೈತ್ರಿಯಲ್ಲಿ ಸುಮಾರು ಎರಡು ತಿಂಗಳು ಸೂರ್ಯ ಹುಟ್ಟುವುದಿಲ್ಲ. ನಿದ್ದೆಗೇಡು, ಸಿಡುಕು, ಮಂಕು ಗಟ್ಟಿಗರಿಗೂ ಬರುತ್ತವೆ, ಆ ತಿಂಗಳುಗಳಲ್ಲಿ ಯಾರನ್ನೂ ಸುಲಭವಾಗಿ ಹೊರತರಲಾಗದು. 1961ರಲ್ಲಿ, ಈಗ ಮೈತ್ರಿಗೆ ನೆರೆಯಾಗಿರುವ ರಷ್ಯನ್ (ಆಗ ಸೋವಿಯತ್) ನೆಲೆ ನೊವೊಲಜರೆವ್ಸ್ಕಯಾದಲ್ಲಿ ವೈದ್ಯ ಲಿಯೊನಿದ್ ರೊಗೊಜೊವ್ ತನ್ನ ಅಪೆಂಡಿಕ್ಸನ್ನು ತಾನೇ ಕೊಯ್ದು ತೆಗೆಯಬೇಕಾಯಿತು. ಅಲ್ಲಿ ಬೇರೆ ವೈದ್ಯರಿರಲಿಲ್ಲ. ಅಂಥ ಜಾಗಕ್ಕೆ ಕಾಯಿಲೆ ಮುಚ್ಚಿಟ್ಟು ಹೋದರೆ ಸಂಕಟ ತಂಡದವರೆಲ್ಲರದೂ. ನಮ್ಮ ಕಡೆಯಿಂದ ಅವರ ಲಿಖಿತ ಒಪ್ಪಿಗೆಯಿಲ್ಲದೆ ಸಂಸ್ಥೆಗೆ ಒಂದಕ್ಷರವೂ ಹೋಗುವುದಿಲ್ಲ ಎಂದು ತಿಳಿಸಿದೆವು. ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು.

ಬರಹ ಸುದ್ದಿಪತ್ರಕ್ಕೆ ಹೋಯಿತು. ಊಟದ ಮೇಜಿನ ಮೆಟ್ಟಿಲು ಎರಡನೆಯ ಪ್ರಯತ್ನಕ್ಕೆ ದಾಟಿತು, ಪ್ರಯೋಗಾಲಯದ ಸಭೆ ಇನ್ನೂ ಬಾಕಿ. ತಿಂಗಳಿಗೊಮ್ಮೆ ಫೋನಿನಲ್ಲಿ ಮಾತು ಮುಂದುವರಿದಿದೆ. ಗಾಬರಿ ಕಾರಣವಿಲ್ಲದೆ ಬರತೊಡಗಿದರೆ, ನಿದ್ದೆ ಎರಡು ವಾರ ಸತತ ಕೆಟ್ಟರೆ, ಅಥವಾ ಜಿಎಡಿ-7 ಅಂಕ 10 ಮುಟ್ಟಿದರೆ ಮನೋವೈದ್ಯರನ್ನು ಕಾಣಬೇಕು. ನಡುರಾತ್ರಿ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416. ಕನ್ನಡದಲ್ಲೇ ಮಾತಾಡಬಹುದು, ಹೊರರಾಜ್ಯದಿಂದ ಕರೆ ಮಾಡಿದರೆ ಭಾಷೆ ಆರಿಸಿಕೊಳ್ಳಬೇಕು.