ಕಾಲೇಜು ಕ್ರೀಡಾಪಟು ಪಂದ್ಯ ಮುಗಿದ ರಾತ್ರಿ ಬಿಯರ್ ಕುಡಿದರೆ ತೊಂದರೆಯೇ? ಗಾಂಜಾ?

ತೊಂದರೆ ಇದೆ. ಮಂಗಳೂರಿನ ಮಂಗಳಾ ಕ್ರೀಡಾಂಗಣದ ಸೆಕೆಯಲ್ಲಿ ಓಡಿ ಬೆವರಿಳಿಸಿದ ಮೈಗೆ ಬೇಕಿರುವುದು ನೀರು, ಉಪ್ಪು, ಊಟ, ನಿದ್ದೆ. ಮದ್ಯವು ಮೂತ್ರ ಹೆಚ್ಚಿಸಿ ಇದ್ದ ನೀರನ್ನೂ ಹೊರಹಾಕುತ್ತದೆ, ನಿದ್ದೆ ಕೆಡಿಸುತ್ತದೆ, ದಣಿದ ಸ್ನಾಯುಗಳ ಚೇತರಿಕೆಯನ್ನು ನಿಧಾನಗೊಳಿಸುತ್ತದೆ. 2018ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ತನ್ನ ನಿಷೇಧಿತ ಪಟ್ಟಿಯಿಂದ ಮದ್ಯವನ್ನು ಕೈಬಿಟ್ಟಿದ್ದು ನಿಜ, ಆದರೆ ಅದರಿಂದ ಈ ಹಾನಿಯೇನೂ ತಗ್ಗಿಲ್ಲ.

ಗಾಂಜಾ ಸ್ಪರ್ಧೆಯ ವೇಳೆ ಇಂದಿಗೂ ನಿಷಿದ್ಧ. ಅದರಲ್ಲಿ ಅಮಲೇರಿಸುವ ಟಿಎಚ್‌ಸಿ ಅಂಶ ಕೊಬ್ಬಿನಲ್ಲಿ ಉಳಿದುಕೊಳ್ಳುವುದರಿಂದ ನಿತ್ಯ ಸೇದುವವರ ಮೂತ್ರದಲ್ಲಿ ವಾರಗಟ್ಟಲೆ ಪತ್ತೆಯಾಗುತ್ತದೆ. ಮೇಲಾಗಿ 1985ರ ಮಾದಕ ವಸ್ತು ತಡೆ (ಎನ್‌ಡಿಪಿಎಸ್) ಕಾಯ್ದೆಯಡಿ ಸೇವನೆಯೇ ಅಪರಾಧ. ತಂಡದ ಹಿರಿಯರು ಒತ್ತಾಯಿಸಿದರೆ ದಯವಿಟ್ಟು ಮುಚ್ಚಿಡದೆ ತರಬೇತುದಾರರಿಗೆ ತಿಳಿಸಿ. ಬಿಡಲಾಗದೆ ಒದ್ದಾಡುತ್ತಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಅದಕ್ಕೆ ಶುಲ್ಕವಿಲ್ಲ.