ಮಂಚ ಇದೆ, ನರ್ಸ್ ಎಲ್ಲಿ?

ಪತ್ರ: ನನ್ನ ತಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಬೈಪಾಸ್ ಆಪರೇಷನ್‌ಗೆ ತಿಂಗಳುಗಟ್ಟಲೆ ಕಾಯುತ್ತಿದ್ದಾನೆ. ಇಂಥ ಆಸ್ಪತ್ರೆಗಳಿಗೆ ಹಣ ಸುರಿಯುವ ಬದಲು ಖಾಸಗಿಯವರಿಗೇ ಕೊಟ್ಟು ಕೈ ತೊಳೆದುಕೊಳ್ಳಬಾರದೇ?
– ಒಬ್ಬ ಓದುಗ

ಉತ್ತರ: ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಖಾಸಗಿಯವರ ಕೈ ಸೇರಿದರೆ ಕಾಯುವವರ ಪಟ್ಟಿ ಬೇಗ ಕರಗುತ್ತದೆ ಎನ್ನುವುದೂ ಸುಳ್ಳಲ್ಲ. ಇಂಗ್ಲೆಂಡಿನಲ್ಲಿ 2002ರಲ್ಲಿ, ಹೃದಯದ ಆಪರೇಷನ್‌ಗೆ ಆರು ತಿಂಗಳಿಗಿಂತ ಜಾಸ್ತಿ ಕಾದವರಿಗೆ ಬೇರೆ ಆಸ್ಪತ್ರೆ ಆರಿಸಿಕೊಳ್ಳುವ ಅವಕಾಶ ಕೊಟ್ಟರು. ಖಾಸಗಿ ಆಸ್ಪತ್ರೆಗಳೂ ಅದರಲ್ಲಿದ್ದವು. ಆದರೆ ಅದೇ ವರ್ಷಗಳಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೂ ಹಣ ಹೆಚ್ಚಿಸಿದ್ದರು. ಈ ಅರ್ಧ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಸರ್ಜನ್ ಸಾಲದೆ ಪಟ್ಟಿ ಬೆಳೆಯುತ್ತದೆ ಎಂದುಕೊಂಡಿದ್ದೀರಿ ಅನಿಸುತ್ತದೆ. ಎಷ್ಟೋ ಸಲ ಗಂಟು ಬೀಳುವುದು ಐಸಿಯುನಲ್ಲಿ. ಬೈಪಾಸ್ ಆದವರು ಸಾಮಾನ್ಯವಾಗಿ ವೆಂಟಿಲೇಟರ್ ಸಮೇತ ಅಲ್ಲಿಗೆ ಬರುತ್ತಾರೆ. ಎದೆಯ ಟ್ಯೂಬಿನಲ್ಲಿ ಎಷ್ಟು ರಕ್ತ ಬಂತು, ಬಿಪಿ ಎಷ್ಟು, ಮೂತ್ರ ಎಷ್ಟು ಹೋಯಿತು ಅಂತ ಮೊದಲ ಕೆಲವು ಗಂಟೆ ಪಕ್ಕದಲ್ಲೇ ನಿಂತು ಬರೆದುಕೊಳ್ಳುವ ನರ್ಸ್ ಬೇಕು. ಅವರಿಲ್ಲದಿದ್ದರೆ ಮಂಚ ಇದ್ದೂ ಇಲ್ಲದ ಹಾಗೆ.

ನನ್ನ ಸ್ನೇಹಿತರೊಬ್ಬರ ಹೃದಯದ ಕವಾಟದ (ವಾಲ್ವ್) ಆಪರೇಷನ್ ಇತ್ತು. ರಾತ್ರಿಯಿಂದ ಉಪವಾಸ. ಎದೆ ಬೋಳಿಸಿ, ಗೌನ್ ಹಾಕಿ, ಟ್ರಾಲಿ ಮೇಲೆ ಮಲಗಿಸಿದ್ದರು. ಸರ್ಜನ್ ರೆಡಿ, ಥಿಯೇಟರ್ ರೆಡಿ. ಹನ್ನೊಂದು ಗಂಟೆಗೆ ಒಬ್ಬರು ಬಂದು, "ಐಸಿಯು ಬೆಡ್ ಇಲ್ಲ, ಇವತ್ತು ಆಗಲ್ಲ" ಅಂದರು. ಇವರು ಕೇಳಿದ್ದು, "ಹಾಗಾದ್ರೆ ಈಗ ಏನಾದ್ರೂ ತಿನ್ನಬಹುದಾ?" ಕೇಳುವಾಗ ನಗು ಬರುತ್ತದೆ, ಅಲ್ವಾ? ಆದರೆ ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಮಹಾಪಧಮನಿಯ ಕವಾಟ ತೀರಾ ಕಿರಿದಾಗಿ ಏದುಸಿರು ಶುರುವಾದವರಲ್ಲಿ, ಕವಾಟ ಬದಲಿಸದಿದ್ದರೆ ಸುಮಾರು ಅರ್ಧದಷ್ಟು ಜನ ಎರಡು ವರ್ಷ ದಾಟುವುದಿಲ್ಲ.

ಹಣವೆಲ್ಲ ಹೊರಗೆ ಹೋದರೆ ಆ ನರ್ಸ್ ಕೂಡ ಸಂಬಳ ನೋಡಿಕೊಂಡು ಹಿಂದೆಯೇ ಹೋಗುತ್ತಾರೆ. ಸುಲಭದ ಕೇಸುಗಳೂ ಹೋಗುತ್ತವೆ. ಕಿಡ್ನಿ ಕೆಟ್ಟ, ಎರಡನೇ ಸಲ ಎದೆ ತೆರೆಯಬೇಕಾದ ವಯಸ್ಸಾದವರು ಮಾತ್ರ ಇಲ್ಲೇ ಉಳಿಯುತ್ತಾರೆ.

ಇನ್ನು, ಖಾಸಗಿಯವರ ಬಿಲ್ಲನ್ನು ಸರ್ಕಾರ ಹೊತ್ತಿಗೆ ಸರಿಯಾಗಿ ಕಟ್ಟುತ್ತದೆ ಅಂತ ನಿಮಗೆ ಹೇಳಿದವರು ಯಾರು? ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸಿ ಮಾಡುವ ಬೈಪಾಸನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಬೆಳಕಿಗೆ ತಂದವರು ಅರ್ಜೆಂಟೀನಾದ ರೆನೆ ಫಾವಲೋರೊ. ಆಮೇಲೆ ತಾಯ್ನಾಡಿಗೆ ಮರಳಿ ಖಾಸಗಿ ಹೃದ್ರೋಗ ಸಂಸ್ಥೆ ಕಟ್ಟಿದರು. ಸರ್ಕಾರಿ ವಿಮೆಯವರಿಂದ ಬರಬೇಕಾದ ಬಾಕಿ ಬರಲಿಲ್ಲ, ಸಂಸ್ಥೆ ಸಾಲದಲ್ಲಿ ಮುಳುಗಿತು. ಆ ಸಂಕಟದ ನಡುವೆಯೇ, 2000ದಲ್ಲಿ ಅವರು ತಮ್ಮ ಜೀವವನ್ನೇ ಕಳೆದುಕೊಂಡರು. ನಾವು ಪತ್ರಿಕೆಯವರೂ ಸಾಚಾಗಳಲ್ಲ. ಅದೇ 1967ರಲ್ಲಿ ಕೇಪ್‌ಟೌನಿನಲ್ಲಿ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದ ಸರ್ಜನ್ ಕ್ರಿಶ್ಚಿಯನ್ ಬರ್ನಾರ್ಡ್ ಮುಖಪುಟ ತುಂಬಿದರು. ಆ ರೋಗಿ ಬದುಕಿದ್ದು 18 ದಿನ. ಲಕ್ಷಾಂತರ ಜನರನ್ನು ನಡೆದಾಡಿಸಿದ ಬೈಪಾಸ್‌ಗೆ ಅಂಥ ಫೋಟೋ ಸಿಗಲಿಲ್ಲ. ಹೊಸ ಮಷೀನಿಗೆ ರಿಬ್ಬನ್ ಕತ್ತರಿಸುವ ಮಂತ್ರಿಗಳಿದ್ದಾರೆ. ನರ್ಸ್ ಸಂಬಳಕ್ಕೆ ರಿಬ್ಬನ್ ಕಟ್ಟಲು ಬರುವುದಿಲ್ಲವಲ್ಲ!

ನಿಮ್ಮ ತಮ್ಮನಿಗೆ ಸುಮ್ನೆ ಕೂತಾಗಲೂ ಎದೆನೋವು ಬಂದರೆ ಸರದಿ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ನನ್ನ ಜೊತೆ ಜಗಳ ಆಮೇಲೆ ಆಡಬಹುದು.